ಮಿಡಿತ ತಿರುಗಿದ್ದಕ್ಕೆ ಯಂತ್ರವನ್ನೇ ಎಸೆಯಬೇಕೆ?

ಹಳೆಯ ಸಿಆರ್‌ಟಿ ಪ್ರೊಜೆಕ್ಟರಿಗೆ ಮೂರು ಕಣ್ಣು. ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಬೆಲ್ಜಿಯಂನ ಬಾರ್ಕೊ, ಕೆನಡಾದ ಎಲೆಕ್ಟ್ರೋಹೋಮ್, ಜಪಾನಿನ ಸೋನಿ ತಯಾರಿಸಿದ ಈ ಭಾರಿ ಯಂತ್ರಗಳು 1980 ಮತ್ತು 90ರ ದಶಕಗಳಲ್ಲಿ ಸಭಾಂಗಣಗಳಲ್ಲಿ, ವಿಮಾನ ಚಾಲನೆ ಕಲಿಸುವ ಸಿಮ್ಯುಲೇಟರುಗಳಲ್ಲಿ ದುಡಿದವು. ಕಪ್ಪನ್ನು ಕಪ್ಪಾಗಿಯೇ ತೋರಿಸುವುದರಲ್ಲಿ ಇವುಗಳನ್ನು ಮೀರಿಸುವುದು ಎಲ್‌ಸಿಡಿ ಪ್ರೊಜೆಕ್ಟರುಗಳಿಗೆ ಸುಲಭವಾಗಲಿಲ್ಲ. ಎಲ್‌ಸಿಡಿಯಲ್ಲಿ ಸದಾ ಉರಿಯುವ ದೀಪವನ್ನು ಮರೆಮಾಡಬೇಕು. ಇಲ್ಲಿ ಚಿತ್ರ ಕತ್ತಲಾದರೆ ಟ್ಯೂಬ್ ಬೆಳಗುವುದೇ ಇಲ್ಲ. ಆ ಕಪ್ಪಿನ ಮೋಹಕ್ಕೇ ಹವ್ಯಾಸಿಗಳು ಇವನ್ನು ಮನೆಯ ಚಾವಣಿಗೆ ತೂಗುಹಾಕಿಕೊಂಡು ಜೋಪಾನ ಮಾಡಿದರು.

ಇಂಥದೊಂದು ಯಂತ್ರಕ್ಕೆ ಹೊಸ ಕಂಪ್ಯೂಟರ್ ಜೋಡಿಸಿದಾಗ ಚಿತ್ರ ಎಡಕ್ಕೆ ಸರಿದು ಅಂಚು ಕಾಣೆಯಾಗಬಹುದು. ಕತ್ತಲ ದೃಶ್ಯ ಒಮ್ಮೆ ಮಂಕು, ಒಮ್ಮೆ ಬೂದಿ ಬಣ್ಣ. ಕೆಲವು ಯಂತ್ರಗಳಲ್ಲಿ ಚಿತ್ರ ನಿಲ್ಲುವುದೇ ಇಲ್ಲ. ನೋಡಿದವರು ಟ್ಯೂಬ್ ಹೋಯಿತು, ಬೋರ್ಡ್ ಸುಟ್ಟಿತು ಎಂದು ತೀರ್ಮಾನಿಸಿ ಗುಜರಿಯವನಿಗೆ ಫೋನ್ ಮಾಡಿಬಿಡುತ್ತಾರೆ. ಎಷ್ಟೋ ಸಲ ಆಗಿರುವುದಿಷ್ಟೇ: ಸಿಂಕ್ ಸಂಕೇತದ ಪೋಲಾರಿಟಿ ತಿರುಗಿದೆ.

ಪ್ರತಿ ಗೆರೆ ಎಲ್ಲಿ ಶುರುವಾಗಬೇಕು ಎಂದು ಯಂತ್ರಕ್ಕೆ ಹೇಳುವ ಸಣ್ಣ ಮಿಡಿತವೇ ಸಿಂಕ್. 640×480ರ ವಿಜಿಎ ಚಿತ್ರದಲ್ಲಿ ಒಂದು ಗೆರೆಗೆ ಸುಮಾರು 31.8 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಅದರಲ್ಲಿ ಮಿಡಿತದ ಪಾಲು 3.8. ಋಣ ಪೋಲಾರಿಟಿಯಲ್ಲಿ ತಂತಿ ಸದಾ ಮೇಲಿನ ಮಟ್ಟದಲ್ಲಿದ್ದು ಆ 3.8 ಮೈಕ್ರೊಸೆಕೆಂಡ್ ಮಾತ್ರ ಸೊನ್ನೆಗೆ ಇಳಿಯುತ್ತದೆ. ಧನದಲ್ಲಿ ಇದು ತಲೆಕೆಳಗು. ಇಳಿಯುವ ಅಂಚನ್ನೇ ಕಾಯುವ ಯಂತ್ರಕ್ಕೆ ಧನ ಮಿಡಿತ ಕೊಟ್ಟರೆ ಅದು ಮಿಡಿತದ ಕೊನೆಯನ್ನೇ ಆರಂಭವೆಂದು ತಿಳಿಯುತ್ತದೆ. ಗೆರೆಯ ನೂರರಲ್ಲಿ ಹನ್ನೆರಡು ಪಾಲಿನಷ್ಟು ಚಿತ್ರ ಸರಿಯುವುದು ಹೀಗೆ. ಕಪ್ಪಿನ ಮಟ್ಟವನ್ನು ಅಳೆಯುವುದು ಮಿಡಿತ ಮುಗಿದ ಮೇಲೆ ಸಿಗುವ 1.9 ಮೈಕ್ರೊಸೆಕೆಂಡಿನ ಖಾಲಿ ಜಾಗದಲ್ಲಿ. ಲೆಕ್ಕ ತಪ್ಪಿದಾಗ ಆ ಅಳತೆ ಚಿತ್ರದ ಒಳಗೇ ಬೀಳುತ್ತದೆ. ಎಡ ಅಂಚಿನಲ್ಲಿ ಬಿಳಿ ಗೋಡೆ ಇದ್ದರೆ ಯಂತ್ರ ಅದನ್ನೇ ಕಪ್ಪೆಂದು ನಂಬುತ್ತದೆ!

ಎರಡು ಪೋಲಾರಿಟಿ ಯಾಕೆ ಬೇಕಿತ್ತು? 1987ರಲ್ಲಿ ವಿಜಿಎ ತಂದ ಐಬಿಎಂ ಇದನ್ನು ಜಾಣತನದಿಂದಲೇ ಬಳಸಿತ್ತು. ಗೆರೆಯ ಆರಂಭ ಹೇಳುವ ಅಡ್ಡ ಸಿಂಕ್, ಇಡೀ ಚಿತ್ರದ ಆರಂಭ ಹೇಳುವ ಲಂಬ ಸಿಂಕ್ ಎರಡೂ ಋಣವಾದರೆ 480 ಗೆರೆ, ಲಂಬದ್ದು ಮಾತ್ರ ಧನವಾದರೆ 400, ಅಡ್ಡದ್ದು ಮಾತ್ರ ಧನವಾದರೆ 350. ಬೇರೆ ತಂತಿಯಿಲ್ಲದೆ ಮಾನಿಟರು ಚಿತ್ರದ ಎತ್ತರ ಹೊಂದಿಸಿಕೊಳ್ಳುತ್ತಿತ್ತು. ಮುಂದೆ ವೆಸಾ ಮಾನಕಗಳಲ್ಲಿ 60 ಹರ್ಟ್ಸ್‌ನ 800×600 ಎರಡೂ ಧನವಾಯಿತು, 1024×768 ಎರಡೂ ಋಣವಾಯಿತು. 1080 ಗೆರೆಯ ಎಚ್‌ಡಿ ಚಿತ್ರವೂ ಧನ. ಆಮೇಲಿನ ಮಾನಿಟರುಗಳು ಯಾವುದು ಬಂದರೂ ಗುರುತಿಸಿಕೊಂಡವು. ಕೆಲವು ಹಳೆಯ ಪ್ರೊಜೆಕ್ಟರುಗಳಿಗೆ ಆ ಕಲೆ ಬರಲಿಲ್ಲ.

ಪರಿಹಾರ ಒಂದು ಉಗುರಿನಷ್ಟು ದೊಡ್ಡದು. 74ಎಚ್‌ಸಿ86 ಎಂಬ ಹದಿನಾಲ್ಕು ಕಾಲಿನ ಐಸಿಯಲ್ಲಿ ನಾಲ್ಕು ಎಕ್ಸ್-ಆರ್ ಗೇಟುಗಳಿವೆ. ಒಂದು ಗೇಟಿನ ಒಂದು ಕಾಲಿಗೆ ಸಿಂಕ್, ಇನ್ನೊಂದಕ್ಕೆ ಸ್ವಿಚ್. ಸ್ವಿಚ್ ಸೊನ್ನೆಯಲ್ಲಿದ್ದರೆ ಮಿಡಿತ ಬಂದಂತೆಯೇ ಹೋಗುತ್ತದೆ. ಐದು ವೋಲ್ಟಿಗೆ ಹಾಕಿದರೆ ತಲೆಕೆಳಗಾಗಿ ಹೊರಬರುತ್ತದೆ. ಅಡ್ಡ ಸಿಂಕ್‌ಗೆ ಒಂದು ಗೇಟು, ಲಂಬಕ್ಕೆ ಇನ್ನೊಂದು. ಉಳಿದೆರಡರ ಒಳಗಾಲುಗಳನ್ನು ಗ್ರೌಂಡಿಗೆ ಕಟ್ಟಬೇಕು. ಸ್ವಿಚ್ ಬದಲು ರೆಸಿಸ್ಟರ್, ಕೆಪಾಸಿಟರ್ ಇಟ್ಟು ಸಂಕೇತದ ಸರಾಸರಿ ಮಟ್ಟವನ್ನೇ ಎರಡನೆಯ ಕಾಲಿಗೆ ಉಣಿಸಿದರೆ ಸರ್ಕ್ಯೂಟು ತಾನಾಗಿಯೇ ಪೋಲಾರಿಟಿ ತಿಳಿದುಕೊಳ್ಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿದರೆ ಇಷ್ಟೂ ಸಾಮಾನು ಒಂದು ಹೊತ್ತಿನ ಹೋಟೆಲ್ ಊಟದ ಖರ್ಚಿಗೆ ಸಿಗುವಂಥದ್ದು. ಪಾಲಿಟೆಕ್ನಿಕ್ಕಿನಲ್ಲಿ ಎಕ್ಸ್-ಆರ್ ಗೇಟಿನ ಸತ್ಯಸಾರಣಿಯನ್ನು ಬಾಯಿಪಾಠ ಮಾಡುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ? ಗೇಟು ಏನು ಮಾಡುತ್ತದೆಂಬುದನ್ನು ಗೋಡೆಯಗಲದ ಚಿತ್ರದಲ್ಲೇ ನೋಡಬಹುದು.

ಇಷ್ಟು ಸಣ್ಣ ಅಡ್ಡಿಗೆ ಯಂತ್ರ ಗುಜರಿ ಸೇರುವುದು ಅನ್ಯಾಯ. ಸಿಆರ್‌ಟಿ ಗಾಜಿನಲ್ಲಿ ಸೀಸವಿರುತ್ತದೆ. ಒಡೆದು ಬಿಸಾಡಿದರೆ ಮಣ್ಣಿಗೂ ನೀರಿಗೂ ಅದೇ ವಿಷ. ದುರಸ್ತಿ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿತು. ಆ ಚರ್ಚೆ ಮೊಬೈಲು, ಟ್ರ್ಯಾಕ್ಟರು, ಕಾರುಗಳ ಬಿಡಿಭಾಗಕ್ಕೆ ನಿಲ್ಲಬಾರದು. ಯಂತ್ರ ಯಾವ ಸಂಕೇತವನ್ನು ಕೇಳುತ್ತದೆ ಎಂಬ ಮಾಹಿತಿಯೂ ಬಿಡಿಭಾಗದಷ್ಟೇ ಮುಖ್ಯ. ಮಾದರಿಯ ತಯಾರಿಕೆ ನಿಲ್ಲಿಸಿದ ದಿನವೇ ಕಂಪನಿಗಳು ಅದರ ಸರ್ವಿಸ್ ಕೈಪಿಡಿಯನ್ನು ಎಲ್ಲರಿಗೂ ತೆರೆದಿಡುವುದು ಕಡ್ಡಾಯವಾಗಬೇಕು. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಪೆಟ್ಟಿಗೆ ಮಾರುವವರು, ಹೊರಬರುವ ಸಿಂಕ್ ಧನವೋ ಋಣವೋ ಎಂದು ಡಬ್ಬದ ಮೇಲೆ ಒಂದು ಸಾಲು ಅಚ್ಚು ಹಾಕಿಸಲಿ.

ಮನೆಯಲ್ಲೋ ಸಂಸ್ಥೆಯಲ್ಲೋ ಇಂಥ ಪ್ರೊಜೆಕ್ಟರ್ ಉಳಿಸಿಕೊಂಡವರು ಅದರ ಮುಚ್ಚಳ ಬಿಚ್ಚುವ ಸಾಹಸ ಮಾಡಬೇಡಿ. ಟ್ಯೂಬಿನಲ್ಲಿ 30 ಸಾವಿರ ವೋಲ್ಟಿನ ಆಸುಪಾಸಿನ ವಿದ್ಯುತ್ತು ಇರುತ್ತದೆ. ಪೋಲಾರಿಟಿ ತಿರುಗಿಸುವ ಸರ್ಕ್ಯೂಟು ಹೊರಗಡೆ, ಕೇಬಲಿನ ದಾರಿಯಲ್ಲೇ ಕೂರುತ್ತದೆ. ವಿಜಿಎ ಕಿಂಡಿಯಿರುವ ಹಳೆಯ ಲಿನಕ್ಸ್ ಕಂಪ್ಯೂಟರ್ ಕೈಗೆ ಸಿಕ್ಕರೆ ಅದೂ ಬೇಡ. ಚಿತ್ರದ ಅಳತೆ, ಸಿಂಕ್ ವಿವರ ಬರೆದಿರುವ ಅದರ ಮೋಡ್‌ಲೈನ್ ಎಂಬ ಸಾಲಿನ ಕೊನೆಯಲ್ಲಿ ಎಚ್‌ಸಿಂಕ್, ವಿಸಿಂಕ್ ಎಂಬ ಪದಗಳ ಮುಂದಿರುವ ಕೂಡು ಚಿಹ್ನೆಯನ್ನು ಕಳೆ ಚಿಹ್ನೆಯಾಗಿ ಬದಲಿಸಿ, ಒಮ್ಮೆ ಚಿತ್ರ ನೋಡಿ. ಗುಜರಿಯವನಿಗೆ ಫೋನ್ ಮಾಡುವುದು ಆಮೇಲಿರಲಿ.