ಬಯಲಾಟದ ಮುಖಕ್ಕೆ ಮೊಬೈಲಿನ ಸುಣ್ಣ

ಬಯಲಾಟದ ಫೋಟೋಗಳಲ್ಲಿ ಕಲಾವಿದರ ಮುಖವೇ ಕಾಣೆಯಾಗುತ್ತಿದೆ. ಕಿರೀಟ ಹೊಳೆಯುತ್ತದೆ, ಭುಜಕೀರ್ತಿ ಹೊಳೆಯುತ್ತದೆ, ಹಿಂದಿನ ಪರದೆಯ ಮೇಲಿನ ಅಕ್ಷರಗಳನ್ನೂ ಓದಬಹುದು. ಮುಖ ಮಾತ್ರ ಒಂದೋ ಮಸಿ, ಇಲ್ಲವೇ ಸುಣ್ಣ. ಕೇಳಿದರೆ ‘ರಾತ್ರಿ ಬೆಳಕು, ಏನು ಮಾಡೋದು’ ಎನ್ನುತ್ತಾರೆ. ತಪ್ಪು ಬೆಳಕಿನದಲ್ಲ, ತೆಗೆಯುವವರ ಉದಾಸೀನದ್ದು.

ತೆಕ್ಕಲಕೋಟೆ, ಸಿರುಗುಪ್ಪದ ಕಡೆ ಆಟದ ರಾತ್ರಿ ಬೆಳಕು ಒಂದೇ ಬಗೆಯದಾಗಿರುವುದಿಲ್ಲ. ಹಿಲಾಲು, ಗ್ಯಾಸ್‌ಲೈಟುಗಳ ಕಾಲ ಮುಗಿಯಿತು. ಈಗ ಅಟ್ಟದ ಮೇಲೆ ಹಳದಿ ಫೋಕಸ್ಸು, ಬದಿಗೆ ಎಲ್‌ಇಡಿ, ಕಂಬದಲ್ಲಿ ಸೋಡಿಯಂ ದೀಪ, ಸುತ್ತ ಬಣ್ಣ ಬದಲಿಸುವ ಸೀರಿಯಲ್ ಸೆಟ್. ಹಳೆಯ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಬೆಳ್ಳನೆಯ ಎಲ್‌ಇಡಿಯದು 6500ರ ಆಸುಪಾಸು. ಇಷ್ಟರ ನಡುವೆ ‘ಬಿಳಿ’ ಯಾವುದು ಎಂದು ಕ್ಯಾಮೆರಾ ಊಹಿಸಬೇಕು. ಆ ಊಹೆಗೆ ಬಲಿಯಾಗುವುದು ಕಂದು ಮೈಬಣ್ಣ. ಮೇಲೆ ಬ್ಯೂಟಿ ಮೋಡ್ ಒಂದಿದ್ದರೆ ಮುಗಿಯಿತು, ಭೀಮನೂ ಬೆಳ್ಳಗೆ, ದುರ್ಯೋಧನನೂ ಬೆಳ್ಳಗೆ.

ಯಂತ್ರಕ್ಕೆ ಪಕ್ಷಪಾತವಿಲ್ಲ ಎನ್ನುವವರು ಇತಿಹಾಸ ನೋಡಲಿ. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣಿನ ಮುಖ. ಪ್ರಿಂಟಿನ ಬಣ್ಣ ಸರಿಯೋ ತಪ್ಪೋ ಎಂಬುದನ್ನು ಆ ಮುಖ ನೋಡಿ ತೀರ್ಮಾನಿಸುತ್ತಿದ್ದರು. ಗೂಗಲ್ ತನ್ನ ಫೋನಿಗೆ ‘ರಿಯಲ್ ಟೋನ್’ ಸೇರಿಸಿ, ಎಲ್ಲ ಮೈಬಣ್ಣಗಳನ್ನೂ ಸರಿಯಾಗಿ ತೋರಿಸುತ್ತೇವೆ ಎಂದದ್ದು 2021ರಲ್ಲಿ. ಬಿಳುಪನ್ನೇ ಅಳತೆಗೋಲು ಮಾಡಿಕೊಂಡ ಯಂತ್ರ ನಮ್ಮ ಊರಿನ ಅಟ್ಟದ ಮುಂದೆ ದಿಢೀರನೆ ನ್ಯಾಯವಂತ ಆಗುವುದಿಲ್ಲ.

‘ಕಪ್ಪು ಬಿಳುಪು ಮಾಡಿಬಿಡಿ, ಕಲಾತ್ಮಕವಾಗಿರುತ್ತದೆ’ ಎಂಬ ಉಪಾಯ ಇನ್ನೊಂದು. ಮೈಸೂರಿನ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕಪ್ಪು ಬಿಳುಪಿನಿಂದ ಅದ್ಭುತ ಮಾಡಿದರು, ನಿಜ. ಅವರು ಅದಕ್ಕೆಂದೇ ಬೆಳಕು ಹಾಕಿದ್ದರು. ಕೆಟ್ಟ ಬಣ್ಣ ಮುಚ್ಚಿಡಲು ಬಣ್ಣವನ್ನೇ ಅಳಿಸುವುದು ಕಲೆಯಲ್ಲ. ಬಯಲಾಟದಲ್ಲಿ ಮುಖದ ಬಣ್ಣವೇ ಪಾತ್ರದ ಗುರುತು. ಅರದಾಳದ ಹಳದಿ, ಇಂಗಳೀಕದ ಕೆಂಪು ಹೋದರೆ ಅಧ್ಯಯನಕ್ಕೆ ಉಳಿಯುವುದೇನು?

ಮಾಡಬೇಕಾದದ್ದು ಕಷ್ಟದ್ದೂ ಅಲ್ಲ. ಆಟೋ ಬಿಟ್ಟು, ಮುಖದ ಮೇಲೆ ಬೀಳುವ ಮುಖ್ಯ ಬೆಳಕಿಗೆ ವೈಟ್ ಬ್ಯಾಲೆನ್ಸ್ ಹೊಂದಿಸಿ, ಕಿರೀಟಕ್ಕಲ್ಲ, ಕೆನ್ನೆಗೆ ಎಕ್ಸ್‌ಪೋಶರ್ ಹಿಡಿಯಬೇಕು. ನಮ್ಮ ಕರೆಂಟು 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/50 ಅಥವಾ 1/100ರಲ್ಲಿದ್ದರೆ ಪಟ್ಟೆಗಳ ಕಾಟ ಕಡಿಮೆ. ಸೋಡಿಯಂ ದೀಪವೊಂದರ ಕೆಳಗೇ ತೆಗೆದದ್ದಕ್ಕೆ ಮಾತ್ರ ಮದ್ದಿಲ್ಲ. ಆ ಬೆಳಕಿನಲ್ಲಿ ಇಲ್ಲದ ಬಣ್ಣವನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು. ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ, ಒಂದೇ ದೀಪದ ಎದುರು, ಕೇಳಿಕೊಂಡು ಒಂದು ಫೋಟೋ ತೆಗೆದಿಟ್ಟರೆ ಹೋಲಿಕೆಗೆ ಆಧಾರವಾದರೂ ಸಿಗುತ್ತದೆ. ಆಡುವವರ ಮುಖಕ್ಕೇ ಫ್ಲ್ಯಾಶ್ ಹೊಡೆಯುವುದಂತೂ ಫೋಟೋಗ್ರಫಿಯಲ್ಲ, ಅಧಿಕಪ್ರಸಂಗ.

ತೆಕ್ಕಲಕೋಟೆಯ ಗುಡ್ಡಗಳಲ್ಲಿ ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ನೆಲೆಯನ್ನು ಬೆಳಕಿಗೆ ತಂದರು. ಉತ್ಖನನದಲ್ಲಿ ಒಂದು ಮಡಕೆ ಚೂರಿನ ಫೋಟೋಕ್ಕೂ ಪಕ್ಕದಲ್ಲಿ ಅಳತೆಪಟ್ಟಿ ಇಡುವುದು ಶಿಸ್ತು. ಸತ್ತ ಚೂರಿಗೆ ಇಷ್ಟು ಗೌರವ. ಹಗಲು ಭತ್ತದ ಗದ್ದೆಯಲ್ಲಿ ದುಡಿದು ರಾತ್ರಿ ಬೆಳಗಿನತನಕ ಕುಣಿಯುವ ಜೀವಂತ ಮನುಷ್ಯನಿಗೆ ಯಾಕಿಲ್ಲ? ಜಾನಪದ ಪ್ರಬಂಧಗಳು ಮಾತಿನ ಪಾಠಾಂತರಗಳನ್ನು ಅಕ್ಷರ ಬಿಡದೆ ದಾಖಲಿಸುತ್ತವೆ, ಅವುಗಳ ಅನುಬಂಧದಲ್ಲಿ ಅಂಟಿಸುವ ಫೋಟೋಗಳಿಗೆ ಯಾವ ನಿಯಮವೂ ಇಲ್ಲ. ಬೆಳಕು ಯಾವುದು, ಬಣ್ಣ ತಿದ್ದಿದೆಯೇ ಎಂಬ ಒಂದು ಸಾಲನ್ನಾದರೂ ಪ್ರತಿ ಚಿತ್ರದ ಕೆಳಗೆ ಕಡ್ಡಾಯ ಮಾಡಲಿ.

ಕೊನೆಯ ಪರೀಕ್ಷೆ ಮಾರ್ಗದರ್ಶಕರ ಮೇಜಿನ ಮೇಲೆ ಬೇಡ. ಪ್ರಿಂಟು ಹಾಕಿಸಿ ಕಲಾವಿದರ ಮನೆಗೆ ಕೊಡಲಿ. ಮಗಳು ನೋಡಿ ‘ಇದು ನಮ್ಮಪ್ಪನ ಬಣ್ಣ ಅಲ್ಲ’ ಎಂದರೆ, ಆ ದಾಖಲೆ ಸುಳ್ಳು.