ಬಾಯಿಪಾಠಕ್ಕೂ ಮುಂಚೆ ಒಂದಿಷ್ಟು ಎಣಿಕೆ

ಮದಲೂರಿನ ಕಡೆಯಿಂದ ಸಿರಾಕ್ಕೋ ತುಮಕೂರಿಗೋ ಪಿಯುಸಿ ಓದಲು ಹೋಗುವ ಮಕ್ಕಳಿಗೆ ದ್ವಿಪದ ಪ್ರಮೇಯದ ವಿಷಯದಲ್ಲಿ ಹಿರಿಯರು ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: ‘ಯಾಕೆ, ಏನು ಅಂತ ತಲೆ ಕೆಡಿಸಿಕೊಳ್ಳಬೇಡ. ಸೂತ್ರ ಬಾಯಿಪಾಠ ಮಾಡು, ಹಳೇ ಪ್ರಶ್ನೆಪತ್ರಿಕೆ ಬಿಡಿಸು.’ ಇದರ ಹಿಂದಿರುವುದು ನಿಜವಾದ ಕಾಳಜಿ. ಸಿಇಟಿ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ. ಒಂದೊಂದಕ್ಕೆ ಸಿಗುವುದು 80 ಸೆಕೆಂಡು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಏಕಾಏಕಿ ಇಂಗ್ಲಿಷಿಗೆ ಹೊರಳಿದ ಮಗುವಿಗೆ ಇನ್ನಷ್ಟು ಹೊರೆ ಯಾಕೆ ಎಂದು ಅವರು ಕೇಳುತ್ತಾರೆ.

ನನಗೆ ಅನ್ನಿಸುವುದು ಇದಕ್ಕೆ ತದ್ವಿರುದ್ಧ. ಕೋಚಿಂಗಿಗೆ ದುಡ್ಡು ಹೊಂದಿಸಲಾಗದ ಮನೆಯ ಮಗುವಿಗೇ ಈ ಪ್ರಮೇಯದ ಒಳಗುಟ್ಟು ಮೊದಲು ತಿಳಿಯಬೇಕು.

ಒಳಗುಟ್ಟು ಎಂದರೆ ಬರೀ ಎಣಿಕೆ. (ಅ + ಬ)⁶ ಎಂಬುದು ಆರು ಆವರಣಗಳ ಗುಣಾಕಾರ. ಪ್ರತಿ ಆವರಣದಿಂದಲೂ ಅ ಇಲ್ಲವೇ ಬ, ಒಂದನ್ನು ಎತ್ತಿಕೊಳ್ಳಬೇಕು. ಅ³ಬ³ ಬೇಕಾದರೆ ಬ ಕೊಡುವ ಮೂರು ಆವರಣಗಳನ್ನು ಆರರಲ್ಲಿ ಆರಿಸಬೇಕು. ಹಾಗೆ ಆರಿಸಲು 20 ದಾರಿಗಳಿವೆ, ಸಹಗುಣಕವೂ 20.

ಈ ಎಣಿಕೆ ನಮ್ಮ ನೆಲಕ್ಕೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಸುಮಾರು ಕ್ರಿ.ಶ. 850ರಲ್ಲಿ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ಸಾಮಾನ್ಯ ನಿಯಮವನ್ನೇ ಕೊಟ್ಟಿದ್ದಾನೆ. ಉದಾಹರಣೆಗೆ ಅವನು ಆರಿಸಿಕೊಂಡದ್ದು ಆರು ರುಚಿಗಳನ್ನು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಒಂದೊಂದೇ ರುಚಿ 6, ಎರಡೆರಡು ಬೆರೆಸಿದರೆ 15, ಮೂರು ಮೂರಾದರೆ 20, ಆಮೇಲೆ 15, 6, 1. ಯಾವ ರುಚಿಯೂ ಇಲ್ಲದ್ದನ್ನು ಒಂದೆಂದು ಹಿಡಿದರೆ ಒಟ್ಟು 64, ಅಂದರೆ 2⁶. (ಅ + ಬ)⁶ರ ಸಹಗುಣಕಗಳೆಲ್ಲ ಇಲ್ಲಿವೆ.

ಈಗ (1 + ಅ + ಅ²)³ರಲ್ಲಿ ಅ²ದ ಸಹಗುಣಕ ಕೇಳಿದರು ಅನ್ನಿ. ಪದಗಳು ಮೂರಿರುವುದರಿಂದ ಉರು ಹೊಡೆದ ಸೂತ್ರ ನೇರವಾಗಿ ಕೂರುವುದಿಲ್ಲ. ಎಣಿಸಬಲ್ಲ ಮಗು ತಡವರಿಸುವುದಿಲ್ಲ: ಒಂದು ಆವರಣದಿಂದ ಅ² ತೆಗೆಯಲು 3 ದಾರಿ, ಎರಡರಿಂದ ಅ ತೆಗೆಯಲು 3 ದಾರಿ, ಉತ್ತರ 6. ಇದಕ್ಕೆ 80 ಸೆಕೆಂಡು ಧಾರಾಳವಾಯಿತು.

ಇನ್ನೊಂದು ಕಾರಣವೂ ಇದೆ. ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸಿದಾಗ ಈ ಅಧ್ಯಾಯದಿಂದ ಸಾಮಾನ್ಯ ಪದ, ಮಧ್ಯ ಪದಗಳ ಭಾಗ ಹೋಯಿತು. ಜೆಇಇ ಮೇನ್ ಪಠ್ಯಕ್ರಮದಲ್ಲಿ ಅದು ಉಳಿದಿದೆ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಆಚೆಯ ಪ್ರಶ್ನೆಗಳು ಬಂದು, ಎಲ್ಲ ವಿಷಯಗಳೂ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅಂದು ಮಕ್ಕಳು ದನಿ ಎತ್ತಿದ್ದು ನ್ಯಾಯವಾಗಿಯೇ ಇತ್ತು. ಆದರೆ ಪಠ್ಯದಲ್ಲಿ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬುದು ಮದಲೂರಿನ ಮಗುವಿನ ಕೈಯಲ್ಲಿಲ್ಲ. ಆವರಣಗಳಿಂದ ಆರಿಸುವುದು ಗೊತ್ತಿದ್ದರೆ ಸಾಮಾನ್ಯ ಪದದ ಸೂತ್ರವನ್ನು ಅದು ಪರೀಕ್ಷಾ ಕೊಠಡಿಯಲ್ಲೇ ಬರೆದುಕೊಳ್ಳಬಲ್ಲದು.

ವೇಗಕ್ಕೆ ಅಭ್ಯಾಸ ಬೇಕೇ ಬೇಕು. ಹಳೇ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದು ಒಳ್ಳೆಯದೇ. ನನ್ನ ತಕರಾರು ಯಾವುದು ಮೊದಲು ಎಂಬುದರ ಬಗ್ಗೆ ಮಾತ್ರ. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಉಪನ್ಯಾಸಕರಲ್ಲಿ ಒಂದು ವಿನಂತಿ: ಬೋರ್ಡಿನ ಮೇಲೆ ಸೂತ್ರ ಬರೆಯುವ ಮುನ್ನ (ಅ + ಬ)³ನ್ನು ಎಂಟು ತುಂಡುಗಳಾಗಿ ಮಕ್ಕಳಿಂದಲೇ ಬಿಡಿಸಿ ಬರೆಸಿ. ಅಅಬ, ಅಬಅ, ಬಅಅ ಮೂರೂ ಅ²ಬ ಎಂಬ ಒಂದೇ ಪದವಾಗುವುದನ್ನು ಅವರೇ ಕಂಡು, 3 ಎಲ್ಲಿಂದ ಬಂತೆಂದು ಕನ್ನಡದಲ್ಲೇ ಹೇಳಲಿ. ಸೂತ್ರಕ್ಕೆ ಮರುದಿನದ ಪೀರಿಯಡ್ ಇದೆ.