ಯಾವ ‘ಗ್ಯಾಸು’, ಯಾವ ಎಣ್ಣೆ?

ಸೀಮೆಎಣ್ಣೆಗೆ ಕನ್ನಡದಲ್ಲೇ ಹೆಸರು ಒಂದಲ್ಲ. ಹಳೆಯ ಮೈಸೂರಿನವರಿಗೆ ಅದು ಸೀಮೆಎಣ್ಣೆ, ಉತ್ತರ ಕರ್ನಾಟಕದವರಿಗೆ ಚಿಮಣಿ ಎಣ್ಣೆ. ಸಿಕಂದರಾಬಾದಿನಲ್ಲಿ ನೆಲೆಸಿದ ನಾವು ಇಲ್ಲಿಯ ಹಳಬರ ಬಾಯಲ್ಲಿ ‘ಗ್ಯಾಸ್ ನೂನೆ’ ಎಂಬ ಮತ್ತೊಂದು ಹೆಸರನ್ನೂ ಕೇಳಿದ್ದೇವೆ. ಅಮೆರಿಕದಲ್ಲಿರುವ ನಮ್ಮ ಮಕ್ಕಳು ‘ಗ್ಯಾಸ್’ ಎಂದರೆ ಅದು ಪೆಟ್ರೋಲು. ನಮ್ಮ ಅಡುಗೆಮನೆಯಲ್ಲಿ ಅದೇ ಪದ ಸಿಲಿಂಡರಿನದು. ಬ್ರಿಟಿಷರ ‘ಪ್ಯಾರಾಫಿನ್’ ನಮ್ಮ ಸೀಮೆಎಣ್ಣೆಯೇ. ಇಂಗ್ಲಿಷ್ ಸಾಹಿತ್ಯ ಓದಿದವನಿಗೆ ಇದೊಂದು ಭಾಷಾವಿನೋದ. ಒಲೆ ಹೊತ್ತು ಬೆಟ್ಟಕ್ಕೆ ಹೊರಟವನಿಗೆ ಮಾತ್ರ ಪ್ರಾಣದ ಪ್ರಶ್ನೆ. ಸೀಮೆಎಣ್ಣೆಗೆಂದು ಮಾಡಿದ ಪಂಪ್ ಒಲೆಗೆ ಪೆಟ್ರೋಲು ಸುರಿದರೆ ಅದು ಒಲೆಯಾಗಿ ಉಳಿಯುವುದಿಲ್ಲ.

ಇದನ್ನು ಬರೆಯಲು ಕಾರಣವಿದೆ. ನಮ್ಮ ಊರಿನ ತರುಣರಲ್ಲಿ ವಾರಾಂತ್ಯದ ಶಿಬಿರವಾಸದ ಹುಮ್ಮಸ್ಸು ಹೆಚ್ಚಿದೆ. ವಿಕಾರಾಬಾದಿನ ಅನಂತಗಿರಿ ಸಮೀಪದಲ್ಲೇ ಇದೆ. ಭುವನಗಿರಿಯ ಬಂಡೆಯಂತೂ 2014ರಲ್ಲಿ ಹದಿಮೂರರ ಹರೆಯದಲ್ಲಿ ಎವರೆಸ್ಟ್ ಏರಿದ ಮಾಲಾವತ್ ಪೂರ್ಣಾ ಪಳಗಿದ ಜಾಗ. ಹುಮ್ಮಸ್ಸು ಸಂತೋಷದ್ದೇ. ಆದರೆ ಬೂಟು, ಚೀಲ, ಗುಡಾರಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಒಲೆಯ ಇಂಧನವನ್ನು ತಂಪುಪಾನೀಯದ ಖಾಲಿ ಬಾಟಲಿಯಲ್ಲಿ ತುಂಬಿಕೊಂಡು ಹೊರಡುತ್ತಾರೆ.

ಇಂಧನದ ಗುಣವನ್ನು ಅಳೆಯುವ ಒಂದು ಸಂಖ್ಯೆ ಇದೆ. ಯಾವ ಉಷ್ಣತೆಯಲ್ಲಿ ಅದರ ಮೇಲೆ ನಿಂತ ಆವಿ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆಯೋ ಅದೇ ಅದರ ಜ್ವಲನಬಿಂದು. ಪೆಟ್ರೋಲಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಎಂದರೆ ಹಿಮಾಲಯದ ಚಳಿಯಲ್ಲೂ ಪೆಟ್ರೋಲು ಸಿದ್ಧವಾಗಿಯೇ ಕಾದಿರುತ್ತದೆ. ಸೀಮೆಎಣ್ಣೆಗೆ ನಮ್ಮ ದೇಶದ ಮಾನಕ ವಿಧಿಸಿರುವ ಕನಿಷ್ಠ ಮಿತಿ 35 ಡಿಗ್ರಿ. ಆದ್ದರಿಂದಲೇ ಸೀಮೆಎಣ್ಣೆ ಸೌಮ್ಯ ಎಂಬ ಖ್ಯಾತಿ. ಆದರೆ ಈ ಸೌಮ್ಯತೆ ಲಂಡನ್ನಿನ ಹವೆಗೆ ಹೇಳಿದ್ದು. ಮೇ ತಿಂಗಳ ಸಿಕಂದರಾಬಾದಿನಲ್ಲಿ ನೆರಳೇ 40 ದಾಟುತ್ತದೆ, ಮುಚ್ಚಿದ ಕಾರಿನ ಡಿಕ್ಕಿಯ ಮಾತು ಬೇರೆ ಬೇಡ. ಅಲ್ಲಿ ಸೀಮೆಎಣ್ಣೆಯೂ ಸಣ್ಣ ಪೆಟ್ರೋಲೇ. ಇನ್ನು ಸೀಮೆಎಣ್ಣೆಗೆ ತುಸುವೇ ಪೆಟ್ರೋಲು ಬೆರೆತರೂ ಜ್ವಲನಬಿಂದು ಪಾತಾಳಕ್ಕಿಳಿಯುತ್ತದೆ. ಪೆಟ್ರೋಲಿದ್ದ ಡಬ್ಬಿಗೆ ಸೀಮೆಎಣ್ಣೆ ತುಂಬಬಾರದೆಂದು ಹಿಂದಿನವರು ಗದರುತ್ತಿದ್ದುದಕ್ಕೆ ಕಾರಣ ಇದು.

ಸ್ಪಿರಿಟ್ ಒಲೆ ಹಗುರ, ಪಂಪಿಲ್ಲ, ಸದ್ದಿಲ್ಲ. ಆದರೆ ಹಗಲಿನ ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲವೆನ್ನಬೇಕು. ಆರಿದೆಯೆಂದು ಭಾವಿಸಿ ಬಾಟಲಿಯಿಂದ ಮತ್ತೆ ಸುರಿಯುವ ಕೈ ಸುಡುವುದು ಅಲ್ಲಿಯೇ. ಒಲೆ ಮುಟ್ಟುವಷ್ಟು ತಣ್ಣಗಾಗುವವರೆಗೆ, ಅದು ಯಾವ ಇಂಧನದ್ದೇ ಇರಲಿ, ಮರುಪೂರಣ ಕೂಡದು. ಸ್ಪಿರಿಟ್ ನೀರಿನಲ್ಲಿ ಬೆರೆಯುವುದರಿಂದ ಅದರ ಬೆಂಕಿಗೆ ನೀರು ನಡೆಯುತ್ತದೆ. ಸೀಮೆಎಣ್ಣೆ, ಪೆಟ್ರೋಲಿನ ಬೆಂಕಿಗೆ ನೀರೆರಚಿದರೆ ಅವು ತೇಲಿ ಹರಡುತ್ತವೆ, ಮರಳು ಅಥವಾ ಒದ್ದೆ ಗೋಣಿಯೇ ಬೇಕು. ಗುಡಾರದೊಳಗೆ ಯಾವ ಒಲೆಯೂ ಸಲ್ಲದು. ಬೆಂಕಿಯಿಂದ ಪಾರಾದರೂ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಬಿಡುವುದಿಲ್ಲ.

ಬಾಟಲಿಯ ವಿಚಾರದಲ್ಲಿ ಕಾನೂನು ನಮ್ಮ ಯುವಕರಿಗಿಂತ ವಿವೇಕಿ. 1934ರ ಪೆಟ್ರೋಲಿಯಂ ಕಾಯ್ದೆ ಪರವಾನಗಿಯಿಲ್ಲದೆ ಸ್ವಂತಕ್ಕೆ 30 ಲೀಟರಿನವರೆಗೆ ಪೆಟ್ರೋಲು ಇಟ್ಟುಕೊಳ್ಳಲು ಬಿಡುತ್ತದೆ, ಆದರೆ ಗಾಜು, ಪಿಂಗಾಣಿಯಂಥ ಕಲ್ಮಣ್ಣು ಅಥವಾ ಲೋಹದ ಭದ್ರ ಬಿರಡೆಯ ಪಾತ್ರೆಯಲ್ಲಿ ಮಾತ್ರ. ಪ್ಲಾಸ್ಟಿಕ್ಕಿನ ಹೆಸರೇ ಅಲ್ಲಿಲ್ಲ. ರೈಲಿನ ವಿಷಯ ಇನ್ನೂ ಕಟ್ಟುನಿಟ್ಟು: 1989ರ ರೈಲ್ವೆ ಕಾಯ್ದೆಯ 164ನೆಯ ಕಲಮಿನ ಪ್ರಕಾರ ಅಪಾಯಕಾರಿ ಸರಕನ್ನು ಅಕ್ರಮವಾಗಿ ಒಯ್ದವನಿಗೆ ಮೂರು ವರ್ಷದವರೆಗೆ ಸೆರೆ ಆಗಬಹುದು. 2023ರ ಆಗಸ್ಟ್ 26ರ ಮುಂಜಾನೆ ಮಧುರೈ ನಿಲ್ದಾಣದ ಬಳಿ, ಲಖನೌದಿಂದ ಬಂದಿದ್ದ ಯಾತ್ರಿಕರ ಬೋಗಿಯಲ್ಲಿ ಕದ್ದು ತಂದ ಅಡುಗೆ ಸಿಲಿಂಡರಿನಿಂದ ಹತ್ತಿದ ಬೆಂಕಿ ಒಂಬತ್ತು ಜನರನ್ನು ಕೊಂದಿತು. ‘ಒಂದು ಲೀಟರು ತಾನೇ’ ಎಂದು ಚೀಲದಲ್ಲಿ ಅಡಗಿಸಿಕೊಂಡು ಸುಬ್ರಹ್ಮಣ್ಯದತ್ತ ರೈಲು ಹತ್ತುವವರು ಆ ಮುಂಜಾನೆಯನ್ನು ನೆನೆಯಬೇಕು. ಇಂಧನವನ್ನು ಇಳಿದ ಊರಿನಲ್ಲೇ ಕೊಳ್ಳುವುದು, ಉಳಿದುದನ್ನು ಅಲ್ಲಿಯೇ ಯಾರಿಗಾದರೂ ಕೊಟ್ಟು ಬರುವುದು ಸರಿಯಾದ ಕ್ರಮ.

ನಮ್ಮ ತಾಯಂದಿರು ಈ ಪಾಠಗಳನ್ನು ಪುಸ್ತಕದಿಂದ ಕಲಿತವರಲ್ಲ. ಪಿನ್ನು ಹಾಕಿ ನಿಪ್ಪಲ್ ಬಿಡಿಸುವುದು, ಸ್ಪಿರಿಟ್ಟಿನಿಂದ ಬರ್ನರ್ ಕಾಯಿಸುವುದು, ಎಷ್ಟು ಪಂಪು ಹೊಡೆಯಬೇಕು, ಯಾವಾಗ ಗಾಳಿ ಬಿಡಬೇಕು ಎಂಬುದೆಲ್ಲ ಅವರ ಕೈಗೆ ಗೊತ್ತಿತ್ತು. ಆ ಕಾಲದ ಪತ್ರಿಕೆಗಳಲ್ಲಿ ‘ಸ್ಟವ್ ಸಿಡಿದು ಗೃಹಿಣಿ ಸಾವು’ ಎಂಬ ಸುದ್ದಿ ಪದೇ ಪದೇ ಬರುತ್ತಿತ್ತು. ಸಿಡಿಯುವ ಒಲೆಗಳು ಹೊಸ ಸೊಸೆಯರನ್ನೇ ಏಕೆ ಆರಿಸುತ್ತವೆ ಎಂದು ಬೆಂಗಳೂರಿನ ‘ವಿಮೋಚನಾ’ದಂಥ ಸಂಘಟನೆಗಳು ಕೇಳಿದ ಮೇಲೆಯೇ ಅಪಘಾತವೆಂದು ಮುಚ್ಚಿದ ಕಡತಗಳತ್ತ ಜನ ತಿರುಗಿ ನೋಡಿದ್ದು. ಒಲೆಯ ಮೇಲೆ ಹೊರಿಸಿದ ಆ ಅಪವಾದ ಎರಡು ಬಗೆಯ ಅನ್ಯಾಯ ಮಾಡಿತು: ಕೊಂದವರನ್ನು ಉಳಿಸಿತು, ನಿಜವಾದ ಅಪಘಾತದ ಕಾರಣಗಳನ್ನು ಯಾರೂ ವಿಚಾರಿಸದಂತೆ ಮಾಡಿತು. ಅಡುಗೆಮನೆಯ ಆ ಜ್ಞಾನಕ್ಕೆ ಬೆಲೆ ಕೊಡದ ನಾವು ಅದನ್ನೇ ಇಂದು ಸಾಹಸಿಗರ ಕೈಪಿಡಿಯಲ್ಲಿ ಹೊಸದೆಂಬಂತೆ ಓದುತ್ತಿದ್ದೇವೆ.

ಆಯ್ಕೆ ಕೇಳಿದರೆ, ದಕ್ಷಿಣದ ಬೆಟ್ಟಗಳಿಗೆ ನನ್ನ ಮತ ಇಂದಿಗೂ ಸೀಮೆಎಣ್ಣೆಗೇ, ಲೋಹದ ಡಬ್ಬಿಯಲ್ಲಿ, ಹೆಸರು ಬರೆದ ಚೀಟಿ ಅಂಟಿಸಿ. ಅದು ಮೊದಲಿನಷ್ಟು ಸುಲಭವಾಗಿ ಸಿಗುವುದಿಲ್ಲ, ನಿಜ. ಸಿಗದ ದಿನ ಒಲೆಯನ್ನು ಮನೆಯಲ್ಲೇ ಬಿಡಬಹುದು. ಅನಂತಗಿರಿಯ ಒಂದು ರಾತ್ರಿಗೆ ಚಪಾತಿ, ಚಟ್ನಿಪುಡಿ, ಬೆಳಿಗ್ಗೆ ನೆನೆಸಿದ ಅವಲಕ್ಕಿ ಧಾರಾಳವಾಯಿತು. ಚಹಾ ಬೇಕೇ ಬೇಕೆನ್ನುವವರಿಗೆ ವಿಕಾರಾಬಾದಿನ ನಿಲ್ದಾಣದ ಹೊರಗೆ ಅಂಗಡಿಗಳಿವೆ.